ಕಾಪುವಿನ ಸಮುದ್ರಕ್ಕೆ ಬಾಸ್ ಸಾಲದು

ಕಾಪುವಿನ ಸಮುದ್ರಕ್ಕೆ ಬಾಸ್ ಸಾಲದು ಎಂದು ತಕರಾರು ಎತ್ತಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನನ್ನ ಭಾವ, ಅಂದರೆ ಅಕ್ಕನ ಗಂಡ. ಅಲೆಗಳ ಎದುರಿಗೇ ಜೀಪು ನಿಲ್ಲಿಸಿ, ಗ್ಲಾಸುಗಳನ್ನೆಲ್ಲ ಏರಿಸಿ, ಮೊಬೈಲಿನಲ್ಲಿ ಹಿಡಿದಿಟ್ಟ ಅದೇ ಅಲೆಗಳ ಸದ್ದನ್ನು ಸ್ಪೀಕರಿನಲ್ಲಿ ಹಾಕಿ, ಕಣ್ಣು ಮುಚ್ಚಿ ಕೂತಿದ್ದರು!

"ಹೊರಗೆ ಸಮುದ್ರವೇ ಉಂಟಲ್ಲ ಭಾವ?" ಎಂದೆ.

"ಉಂಟು ಮಾರಾಯ, ಇಲ್ಲ ಅಂದದ್ದು ಯಾರು? ಆದರೆ ಅದರಲ್ಲಿ ಬಾಸ್ ಸಾಲದು, ಎದೆಗೆ ಗುದ್ದುವ ಆ ದಪ್ಪ ಸದ್ದು ಇಲ್ಲ," ಎಂದರು ಕಣ್ಣು ತೆರೆಯದೆ. ಇಂಥವರ ಹತ್ತಿರ ವಾದ ಮಾಡಿ ಗೆದ್ದವರುಂಟೇ?

ಭಾವ ಇಪ್ಪತ್ತೆರಡು ವರ್ಷ ದೋಹಾದಲ್ಲಿ ಕ್ರೇನ್ ನಡೆಸಿದವರು. ಎರಡು ವರ್ಷಕ್ಕೊಮ್ಮೆ ಬಂದು, ಎರಡು ತಿಂಗಳಿದ್ದು, ಮತ್ತೆ ಹೋಗುವುದು. ಈ ಸಲ ಕಾಂಟ್ರ್ಯಾಕ್ಟ್ ಮುಗಿಸಿ ಬಂದವರು ಒಂದು ಜೀಪು ತೆಗೆದುಕೊಂಡರು. ಬೆಟ್ಟ ಹತ್ತುವ, ಹೊಳೆ ದಾಟುವ, ಕೆಸರಲ್ಲಿ ಮುಳುಗಿ ಏಳುವ ಜಾತಿಯ ಜೀಪು. ಕ್ರೇನಿನ ತುದಿಯಲ್ಲಿ ಒಬ್ಬರೇ ಕೂತು ಮರಳು ನೋಡುತ್ತ ಕಂಡ ಕನಸು ಅದಂತೆ. ಆದರೆ ಇದುವರೆಗೆ ಆ ಜೀಪು ಹತ್ತಿದ ಅತಿ ದೊಡ್ಡ ಬೆಟ್ಟವೆಂದರೆ ಕಾರ್ಕಳದ ಅವರ ಮನೆಯ ಗೇಟಿನಿಂದ ಅಂಗಳಕ್ಕೆ ಬರುವ ಏರು! ಒಮ್ಮೆ ಕುದುರೆಮುಖಕ್ಕೆಂದು ಹೊರಟವರು ಬಜಗೋಳಿಯಲ್ಲಿ ಚಹಾ ಕುಡಿದು, ದೂರದ ಬೆಟ್ಟವನ್ನು ಒಂದು ಗಂಟೆ ನೋಡಿ ವಾಪಸು ಬಂದರು. "ಇಲ್ಲಿಂದ ಎಷ್ಟು ಚೆಂದ ಕಾಣ್ತದೆ! ಹತ್ತಿದರೆ ಬೆಟ್ಟವೇ ಕಾಣುವುದಿಲ್ಲ," ಎಂದರು. ಯೋಚಿಸಿದರೆ ಅದೂ ಸರಿಯೇ.

ಜೀಪು ಬಂದ ಮೊದಲ ವಾರ ಉಡುಪಿಯಲ್ಲಿ ಒಂದು ಮದುವೆ ಇತ್ತು. ಅಕ್ಕ ರೇಷ್ಮೆ ಸೀರೆ ಉಟ್ಟು, ಶಂಕರಪುರದ ಮಲ್ಲಿಗೆ ಮುಡಿದು ಮುಂದಿನ ಸೀಟಿನಲ್ಲಿ ಕೂತಳು. ನನ್ನ ಅಕ್ಕ ಮಾತಿನವಳಲ್ಲ. ಅವಳು ಒಂದು ದಿನಕ್ಕೆ ಆಡುವ ಮಾತನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದು ಮೇಲೆ ವಿಳಾಸವನ್ನೂ ಬರೆಯಬಹುದು. ಅಂಥವಳು ಆ ದಿನ ಹಿರಿಯಡ್ಕದಿಂದ ಮಣಿಪಾಲದವರೆಗೆ, ರಸ್ತೆಯನ್ನೇ ನೋಡುತ್ತ, ಒಂದೇ ಸಮನೆ ಏನೋ ಹೇಳಿದಳಂತೆ. ಮೇಲೆ ಕ್ಯಾನ್ವಾಸಿನ ಹುಡ್ಡು ಪಟಪಟ, ಕೆಳಗೆ ದಪ್ಪ ಟಯರುಗಳ ಗುಂಯ್ ಗುಂಯ್, ನಡುವೆ ಜೀಪಿನ ಜೊತೆಗೇ ಬಂದ ಕಂಪೆನಿ ಫಿಟ್ಟಿಂಗ್ ಸ್ಪೀಕರುಗಳ ಕಿರುಚಾಟ. ಭಾವ ಲೋಕಾಭಿರಾಮದ ಮಾತೆಂದು ತಿಳಿದು "ಹ್ಞೂಂ, ಹ್ಞೂಂ" ಎನ್ನುತ್ತ ಬಂದರು. ಮದುವೆ ಮಂಟಪದ ಎದುರು ಇಳಿದ ಮೇಲೆ, "ಆಗ ಎಂತ ಹೇಳ್ತಾ ಇದ್ದೆ ನೀನು?" ಎಂದು ಕೇಳಿದರು.

ಅಕ್ಕ ಅವರ ಮುಖ ನೋಡಿದಳು. ಮತ್ತೆ ನೇರ ಊಟದ ಪಂಕ್ತಿಗೆ ಹೋದಳು. ವಾಪಸು ಬರುವಾಗ ಬಸ್ಸು ಹತ್ತಿದಳು. ಅಂದಿನಿಂದ ಅವಳು ಆ ಜೀಪಿಗೆ ಕಾಲಿಟ್ಟಿಲ್ಲ.

ಏನು ಹೇಳಿದಳು? ಭಾವ ಕೇಳಿ ಕೇಳಿ ಸೋತರು. "ನಾನು ಹೇಳಿ ಆಯ್ತು, ನೀವು ಹ್ಞೂಂ ಅಂದೂ ಆಯ್ತು," ಎಂಬುದೊಂದೇ ಉತ್ತರ. ನಾನೂ ತಮ್ಮನ ಸಲಿಗೆಯಿಂದ ಒಂದು ಕೈ ನೋಡಿದೆ. "ನಿನಗೆ ಎಂತಕ್ಕೆ? ನಿನಗೆ ಹೇಳಿದ್ದಾ?" ಎಂದಳು. ಈ ನಡುವೆ ದೋಹಾದ ಕಂಪೆನಿಯವರು ಇನ್ನೂ ಎರಡು ವರ್ಷಕ್ಕೆ ಬನ್ನಿ ಎಂದು ಕರೆದು, ತಿಂಗಳ ಕೊನೆಯೊಳಗೆ ಉತ್ತರ ಬೇಕೆಂದಿದ್ದರು. ಭಾವ ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ಹೋಗುವುದು ಹೋಗ್ತೇನೆ, ಅಭ್ಯಾಸ ಉಂಟು. ಆದರೆ ಅವಳು ಎಂತ ಹೇಳಿದ್ದು ಅಂತ ಗೊತ್ತಿಲ್ಲದೆ ವಿಮಾನ ಹತ್ತುವುದು ಹೇಗೆ ಮಾರಾಯ?"

ಬೇರೆ ಯಾರಾದರೂ ಆಗಿದ್ದರೆ ಹೆಂಡತಿಯ ಕಾಲು ಹಿಡಿಯುತ್ತಿದ್ದರು. ಭಾವ ಸ್ಪೀಕರು ಬದಲಿಸಲು ಹೊರಟರು! ಅವರ ತರ್ಕ ಹೀಗೆ: ತಪ್ಪು ತನ್ನದಲ್ಲ, ಅಕ್ಕನದೂ ಅಲ್ಲ, ಕಂಪೆನಿ ಫಿಟ್ಟಿಂಗಿನದು. ಒಳ್ಳೆಯ ಸೌಂಡು ಇದ್ದರೆ ವಾಲ್ಯೂಮ್ ಕಡಿಮೆ ಇಟ್ಟರೆ ಸಾಕು, ವಾಲ್ಯೂಮ್ ಕಡಿಮೆ ಇದ್ದರೆ ಮಾತು ಕೇಳುತ್ತದೆ, ಮಾತು ಕೇಳುವ ಜೀಪಿನಲ್ಲಿ ಅಕ್ಕ ಕೂರುತ್ತಾಳೆ, ಕೂತರೆ ಹೇಳುತ್ತಾಳೆ. ಎಷ್ಟು ಸುಲಭ ನೋಡಿ!

ಮಣಿಪಾಲದಲ್ಲಿ ಗಾಡಿಗಳಿಗೆ ಸೌಂಡು ಕೂರಿಸುವ ವಿಲ್ಫಿಯ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು.

"ಎಂತ ಹಾಡು ಕೇಳ್ತೀರಿ ಸರ್? ಹೊಸದಾ, ಹಳೆಯದಾ?" ಎಂದ ವಿಲ್ಫಿ.

"ಹಾಡು ಹೇಗೂ ಆಗ್ತದೆ. ಪಕ್ಕದಲ್ಲಿ ಕೂತು ಹೆಂಡತಿ ಮಾತಾಡಿದ್ದು ಕೇಳ್ಬೇಕು."

ವಿಲ್ಫಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಸರ್, ಹೆಂಡತಿ ಮಾತು ಕೇಳದ ಹಾಗೆ ಮಾಡಿ ಕೊಡಿ ಅಂತ ಬಂದವರು ತುಂಬ ಜನ ಇದ್ದಾರೆ. ಕೇಳ್ಬೇಕು ಅಂತ ಬಂದದ್ದು ನೀವೇ ಫಸ್ಟ್!"

ಆದರೆ ಕೆಮ್ಮಿಗೆ ಮದ್ದು ತರಲು ಹೋದವರು ಕನ್ನಡಕ ಹಾಕಿಸಿಕೊಂಡು ಬಂದ ಹಾಗೆ, ಭಾವ ಅಲ್ಲಿ ಕಂಡದ್ದಕ್ಕೆಲ್ಲ ಮನಸೋತರು. ಬಾಗಿಲಿಗೆ ಹೊಸ ಸ್ಪೀಕರ್, ಡ್ಯಾಶ್‌ಬೋರ್ಡಿನ ಎರಡು ಮೂಲೆಗೆ ಟ್ವೀಟರ್, ಸೀಟಿನಡಿಗೆ ಆಂಪ್ಲಿಫೈಯರ್, ಹಿಂದಿನ ಸೀಟಿನ ಅರ್ಧಭಾಗಕ್ಕೆ ಒಂದು ಸಬ್‌ವೂಫರ್ ಪೆಟ್ಟಿಗೆ. ಉಳಿದ ಅರ್ಧಭಾಗ ನನಗೆ. ಮೊದಲ ಸಲ ಅಂಗಳದಲ್ಲಿ ಅದನ್ನು ಹಾಕಿದಾಗ ಅಡುಗೆಮನೆಯ ಸ್ಟೀಲಿನ ಲೋಟಗಳು ತಾವಾಗಿಯೇ ನಡೆದು ಕಪಾಟಿನ ಅಂಚಿಗೆ ಬಂದವು. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು, "ಇವತ್ತು ಆದಿತ್ಯವಾರ ಅಲ್ವಾ? ಕಲ್ಲುಕೋರೆಯಲ್ಲಿ ಬಂಡೆ ಒಡೀತಾರಾ?" ಎಂದು ವಿಚಾರಿಸಿದರು. ಭಾವ ಇದನ್ನು ಹೊಗಳಿಕೆಯೆಂದೇ ತಿಳಿದು ಅವರನ್ನು ಕರೆದು ಚಹಾ ಕೊಟ್ಟರು.

ಸೌಂಡು ಬಂತು, ಸರಿ. ಟಯರಿನ ಗುಂಯ್ ಹೋಗಬೇಡವೇ? ಅದಕ್ಕೆ ಬಾಗಿಲಿನ ಒಳಗೆ, ನೆಲದ ಅಡಿಗೆ ಸದ್ದು ಹೀರುವ ಶೀಟು ಅಂಟಿಸಬೇಕು, ಶೀಟು ಬರಲು ಎರಡು ವಾರ ಎಂದ ವಿಲ್ಫಿ. ಭಾವನಿಗೆಲ್ಲಿ ತಾಳ್ಮೆ? ಉಚ್ಚಿಲಕ್ಕೆ ಹೋಗಿ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಗಳನ್ನು ತಂದರು. ತಾವೇ ಕತ್ತರಿಸಿ ಬಾಗಿಲುಗಳ ಒಳಗೆ ತುಂಬಿದರು. ತೊಳೆದೇ ತುಂಬಿದ್ದಂತೆ. ಆದರೆ ಬಂಗುಡೆ ಮೀನಿನ ನೆನಪು ಥರ್ಮಾಕೋಲಿನಿಂದ ಅಷ್ಟು ಬೇಗ ಹೋಗುತ್ತದೆಯೇ? ಮರುದಿನ ಬಿಸಿಲು ಏರುವಷ್ಟರಲ್ಲಿ ಏಳು ಬೆಕ್ಕುಗಳು ಜೀಪಿನ ಸುತ್ತ ಧ್ಯಾನಕ್ಕೆ ಕೂತಿದ್ದವು. ವಾಸನೆ ಅಡಗಿಸಲು ಭಾವ ಶಂಕರಪುರದಿಂದ ಮಲ್ಲಿಗೆಯ ದೊಡ್ಡ ಕಟ್ಟೊಂದನ್ನು ತಂದು ಕನ್ನಡಿಗೆ ಸುತ್ತಿದರು. ಮಲ್ಲಿಗೆ ಮತ್ತು ಬಂಗುಡೆ ಸೇರಿದರೆ ಏನಾಗುತ್ತದೆ ಎಂದು ಕೇಳಬೇಡಿ. ಜಗಲಿಯಲ್ಲಿ ನಿಂತು ನೋಡುತ್ತಿದ್ದ ಅಕ್ಕ, "ಜೀಪಿಗೆ ಮದುವೆಯಾ?" ಎಂದಳು. ಅವಳ ತುಟಿಯ ತುದಿ ಸ್ವಲ್ಪ ಅಲುಗಿತು. ಆ ಒಂದು ಅಲುಗಾಟದ ಮೇಲೆ ಭಾವ ಒಂದು ವಾರ ಬದುಕಿದರು.

ಕಡೆಗೆ ನಿಜವಾದ ಶೀಟು ಬಂತು. ಹುಡ್ಡು ತೆಗೆಸಿ ಗಟ್ಟಿ ಫೈಬರ್ ಟಾಪ್ ಕೂರಿಸಿದರು. ಗ್ಲಾಸು ಏರಿಸಿದರೆ ಒಳಗೆ ಎಂಥ ಮೌನವೆಂದರೆ, ನನ್ನ ಹೊಟ್ಟೆಯೊಳಗಿನ ನೀರುದೋಸೆ ಜೀರ್ಣವಾಗುವುದು ನನಗೇ ಕೇಳುತ್ತಿತ್ತು. ಭಾವ ಈ ಮೌನವನ್ನು ಪರೀಕ್ಷೆ ಮಾಡಲು ಊರೂರು ಅಲೆದರು. ಕಾಪುವಿನ ಅಲೆಗಳ ಮೇಲೆ ತಕರಾರು ಎತ್ತಿದ್ದು ಆಗಲೇ. ಆದರೆ ಆ ಎಡಗಡೆಯ ಮುಂದಿನ ಸೀಟು ಮಾತ್ರ ಖಾಲಿಯೇ ಇತ್ತು. ನನ್ನನ್ನೂ ಅಲ್ಲಿ ಕೂರಲು ಬಿಡುತ್ತಿರಲಿಲ್ಲ.

ತಿಂಗಳ ಕೊನೆಯ ಆದಿತ್ಯವಾರ. ಮರುದಿನ ಕಂಪೆನಿಗೆ ಉತ್ತರ ಬರೆಯಬೇಕು. ಭಾವ ಅಕ್ಕನ ಎದುರು ನಿಂತು, "ಕೂತರೆ ಸಾಕು. ನೀನು ಎಂತದೂ ಹೇಳುವುದು ಬೇಡ. ಕಾಪುವಿಗೆ ಹೋಗಿ ಬರುವ," ಎಂದರು. ಅಕ್ಕ ನನ್ನನ್ನು ನೋಡಿದಳು. ನಾನು ಆಕಾಶ ನೋಡಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಜೀಪು ಹತ್ತಿದಳು. ನಾನು ಹಿಂದೆ ಪೆಟ್ಟಿಗೆಯ ಪಕ್ಕದ ನನ್ನ ಅರ್ಧಭಾಗದಲ್ಲಿ ಕೂತೆ.

ಬೆಳ್ಮಣ್ ದಾಟಿತು. ಪಡುಬಿದ್ರಿ ದಾಟಿತು. ಭಾವ ಹಾಡು ಹಾಕಲಿಲ್ಲ, ಹಾರ್ನು ಹೊಡೆಯಲಿಲ್ಲ, ಕೆಮ್ಮಲೂ ಇಲ್ಲ. ಮಾತಿಗಾಗಿ ಅಷ್ಟು ದೊಡ್ಡ ಜಾಗ ಖಾಲಿ ಮಾಡಿಟ್ಟುಕೊಂಡು ಕಾಯುತ್ತಿದ್ದರು. ಅಕ್ಕ ಒಂದೆರಡು ಸಲ ಬಾಯಿ ತೆರೆದು ಮುಚ್ಚಿದಳು. ಕಾಪುವಿನಲ್ಲಿ ಕಡಲ ಪಕ್ಕದ ರಸ್ತೆಗೆ ತಿರುಗಿದಾಗ ಬಿಸಿಲು ಕೇಸರಿಯಾಗಿತ್ತು. ತೆಂಗಿನ ನೆರಳುಗಳು ಬಾನೆಟ್ಟಿನ ಮೇಲೆ ಹತ್ತಿ ಇಳಿಯುತ್ತಿದ್ದವು. ನಾವು ಮೂವರೂ ಯಾರದೋ ಕನಸಿನಲ್ಲಿ ಹೋಗುತ್ತಿರುವಂತೆ ನನಗನಿಸಿತು.

"ಎಂತ ಇದು, ಉಸಿರು ಕಟ್ಟಿದ ಹಾಗೆ ಆಗ್ತದೆ!" ಎಂದಳು ಅಕ್ಕ ಇದ್ದಕ್ಕಿದ್ದಂತೆ. "ಇಷ್ಟು ಸದ್ದಿಲ್ಲದ ಕಡೆ ಮಾತಾಡ್ಲಿಕ್ಕೆ ಆಗ್ತದಾ ಯಾರಿಗಾದರೂ?"

ತಾನೇ ಗ್ಲಾಸು ಇಳಿಸಿದಳು. ಗಾಳಿ ನುಗ್ಗಿತು, ಟಯರಿನ ಸದ್ದು ನುಗ್ಗಿತು. ಅದೂ ಸಾಲದೆಂದು ಹಾಡು ಹಾಕಿ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದಳು. ನನ್ನ ಪಕ್ಕದ ಪೆಟ್ಟಿಗೆ ಗುಡುಗಿತು, ಬೆನ್ನುಮೂಳೆ ನಡುಗಿತು. ಆಗ ನನಗೆ ಅರ್ಥವಾಯಿತು. ಅವತ್ತು ಅಷ್ಟು ಗಲಾಟೆ ಇದ್ದುದರಿಂದಲೇ ನನ್ನ ಅಕ್ಕನಿಗೆ ಬಾಯಿ ಬಂದಿತ್ತು. ಭಾವ ಇಷ್ಟು ದಿನ ಕಷ್ಟಪಟ್ಟು ಕಿತ್ತು ಹಾಕಿದ್ದು ಅವಳ ಧೈರ್ಯವನ್ನೇ!

ಅಕ್ಕ ಭಾವನ ಕಡೆ ಬಾಗಿ, ಅವರ ಕಿವಿಯ ಹತ್ತಿರ ಏನೋ ಹೇಳಿದಳು. ಒಂದೇ ವಾಕ್ಯ ಇರಬೇಕು. ನನಗೆ ಒಂದಕ್ಷರವೂ ಕೇಳಲಿಲ್ಲ.

ಭಾವ ಜೀಪನ್ನು ಬದಿಗೆ ತಂದು ನಿಲ್ಲಿಸಿದರು. ಹಾಡು ನಿಲ್ಲಿಸಿದರು, ಎಂಜಿನ್ ಬಂದ್ ಮಾಡಿದರು. ಸ್ಟಿಯರಿಂಗಿನಿಂದ ಕೈ ತೆಗೆದು ಅಕ್ಕನ ಕಡೆ ತಿರುಗಿದರು. ಮತ್ತೆ, "ಇಲ್ಲ. ಹೋಗುವುದಿಲ್ಲ," ಎಂದರು.

ಅಕ್ಕ ಕಡಲಿನ ಕಡೆ ಮುಖ ತಿರುಗಿಸಿಕೊಂಡಿದ್ದಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದು ಹಿಂದಿನಿಂದ ಕಾಣುತ್ತಿತ್ತು.

"ಪ್ರತಿ ಸಲವೂ ಏರ್‌ಪೋರ್ಟಿನಲ್ಲಿ ಇದನ್ನೇ ಹೇಳ್ಬೇಕು ಅಂತ ಇತ್ತು," ಎಂದಳು. "ಯಾವಾಗಲೂ ಜನ ಇರ್ತಿದ್ರು."