ಕಾಲೇಜು ನೋಡುವ ಶಾಸ್ತ್ರ

ನಲವತ್ತು ದಾಟಿದ ಮೇಲೆ ಮನುಷ್ಯನಿಗೆ ತಾನು ಹಿಂದೆ ಮಾಡಿದ್ದಕ್ಕೆಲ್ಲ ಒಳ್ಳೊಳ್ಳೆಯ ಕಾರಣಗಳು ಹೊಳೆಯತೊಡಗುತ್ತವೆ. ಆ ಮನೆಯ ಹೆಣ್ಣನ್ನೇ ಯಾಕೆ ತಂದೆ, ಈ ಊರಿನಲ್ಲೇ ಯಾಕೆ ನಿಂತೆ ಎಂದು ಯಾರಾದರೂ ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ನಾನು ತರೀಕೆರೆಯ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ ಓದಿ, ಅಲ್ಲೇ ತರ್ಕಶಾಸ್ತ್ರದ ಮೇಷ್ಟರಾಗಿ ಉಳಿದವನು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಮಕ್ಕಳನ್ನು ಸೇರಿಸಬೇಕೆಂದು ಬರುವ ಹಿರಿಯರು, ನೀವು ಈ ಕಾಲೇಜನ್ನೇ ಯಾಕೆ ಆರಿಸಿಕೊಂಡಿರಿ ಎಂದು ಕೇಳುತ್ತಾರೆ. ಹಳೆಯ ಪ್ರಿನ್ಸಿಪಾಲರ ವಿದ್ವತ್ತಿಗೆ ಮಾರುಹೋಗಿ ಸೇರಿದೆ ಎನ್ನುತ್ತೇನೆ. ಅವರು ತಲೆದೂಗುತ್ತಾರೆ. ನಾನೂ ಜೊತೆಗೆ ತಲೆದೂಗುತ್ತೇನೆ. ನಿಜವಾಗಿ ನಾನು ಆ ದಿನ ಮಾರುಹೋದದ್ದು ಒತ್ತುಶಾವಿಗೆಗೆ.

ಅದನ್ನು ಹೇಳಬೇಕಾದರೆ ಮೊದಲು ನಮ್ಮ ಸೋದರಮಾವ ಮರುಳಪ್ಪನವರ ವಿಷಯ ಹೇಳಬೇಕು. ನಮ್ಮದು ಯಗಟಿ. ನಮ್ಮಪ್ಪ ರಾಗಿ ಹೊಲ, ತೆಂಗಿನ ತೋಟ ಬಿಟ್ಟರೆ ಬೇರೆ ಯಾವ ವಿಷಯಕ್ಕೂ ತೀರ್ಪು ಕೊಡುತ್ತಿರಲಿಲ್ಲ. ಮನೆಗೆ ತರುವ ಸೊಸೆಯಾಗಲಿ, ಕಟ್ಟುವ ಎತ್ತಾಗಲಿ, ತೋಡುವ ಬಾವಿಯಾಗಲಿ, ಅಜ್ಜಂಪುರದಿಂದ ಮಾವ ಬಂದು ನೋಡಿ ‘ಹೂಂ’ ಎನ್ನಬೇಕು. ಹೀಗಾಗಿ ನಾನು ಹೈಸ್ಕೂಲು ಪಾಸಾದಾಗ, ಹುಡುಗನನ್ನು ಎಲ್ಲಿ ಓದಲು ಹಾಕುವುದು ಎಂಬುದೂ ಮಾವನ ಪಾಲಿಗೇ ಹೋಯಿತು. ನನಗೆ ಮೈಸೂರಿಗೆ ಹೋಗಬೇಕೆಂಬ ಆಸೆ. ಅಲ್ಲಿನ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದ ಗೆಳೆಯನೊಬ್ಬ, ಇಲ್ಲಿ ಯಾರು ಬೇಕಾದರೂ ಪುಸ್ತಕದ ಕೋಣೆಯ ಒಳಗೆ ಹೋಗಿ ಕೂತು ಎಷ್ಟು ಬೇಕಾದರೂ ಪುಸ್ತಕ ಓದಬಹುದು, ಯಾರೂ ಯಾಕೆ ಎಂದು ಕೇಳುವುದಿಲ್ಲ ಎಂದು ಕಾಗದ ಬರೆದಿದ್ದ. ಅದನ್ನು ಎಷ್ಟು ಸಲ ಓದಿದ್ದೆನೆಂದರೆ ಮಡಿಕೆಯ ಜಾಗದಲ್ಲಿ ಕಾಗದ ಹರಿದೇ ಹೋಗಿತ್ತು. ಮೈಸೂರಿನ ಅರ್ಜಿಯನ್ನು ತರಿಸಿ, ತುಂಬಿಸಿ, ಕೋಟಿನ ಒಳಜೇಬಿನಲ್ಲಿಟ್ಟುಕೊಂಡಿದ್ದೆ. ದೊಡ್ಡವರ ರುಜು ಒಂದು ಬಾಕಿ.

ಮಾವ ಅರ್ಜಿಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ ನನಗೇ ವಾಪಸು ಕೊಟ್ಟರು. ತರೀಕೆರೆಯಲ್ಲೂ ಒಂದು ಕಾಲೇಜು ಆಗಿದೆಯಂತೆ, ಮೊದಲು ಅದನ್ನು ನೋಡುವುದು, ಮರುದಿನ ಮೈಸೂರಿಗೆ ಹೊರಡುವುದು, ಎರಡನ್ನೂ ನೋಡಿದ ಮೇಲೆಯೇ ರುಜು ಎಂದರು. ಅವರದು ಒಂದೇ ಕಟ್ಟುಪಾಡು. ನಮ್ಮ ಕಡೆ ಹೆಣ್ಣು ನೋಡಲು ಹೋದವರು ಮಾತು ಮುಗಿಯುವವರೆಗೆ ಆ ಮನೆಯಲ್ಲಿ ಊಟ ಮಾಡುವುದಿಲ್ಲ. ನೀರು, ಮಜ್ಜಿಗೆ ಅಷ್ಟೇ. ಎಲೆ ಮುಂದೆ ಕೂತರೆ ಹೆಣ್ಣು ಒಪ್ಪಿಗೆ ಎಂದೇ ಲೆಕ್ಕ. ಕಾಲೇಜು ನೋಡುವುದಕ್ಕೂ ಇದು ಸಲ್ಲುತ್ತದೆಯೇ ಎಂದು ನಾನು ಕೇಳಲಿಲ್ಲ. ನಮ್ಮವ್ವನೂ ಕೇಳಲಿಲ್ಲ. ಎಂಟು ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಬುತ್ತಿ ಕಟ್ಟಿಕೊಟ್ಟಳು.

ಆ ಬುತ್ತಿಯನ್ನು ನಾನು ರೈಲಿನಲ್ಲಿ ಮರೆತೆ. ಕಡೂರಿನಲ್ಲಿ ಹತ್ತಿ ಬೀರೂರಿನಲ್ಲಿ ಇಳಿದು ಶಿವಮೊಗ್ಗದ ರೈಲಿಗೆ ಬದಲಾಯಿಸಬೇಕು. ಮಾವ ಅಜ್ಜಂಪುರದಿಂದ ಬಂದು ಅಲ್ಲೇ ಕಾದಿದ್ದರು. ನಾನು ಒಳಜೇಬಿನ ಅರ್ಜಿ ಬೀಳಬಾರದೆಂದು ಒಂದು ಕೈಯನ್ನು ಎದೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಇಳಿದೆ. ಬುತ್ತಿಗೆ ಮೂರನೆಯ ಕೈ ಇರಲಿಲ್ಲ. ತರೀಕೆರೆ ತಲುಪುವವರೆಗೂ ಮಾವನಿಗೆ ಹೇಳಲು ಧೈರ್ಯ ಬರಲಿಲ್ಲ. ಹೇಳಿದ ಮೇಲೆ ಅವರು ಸೊಂಟದ ವಲ್ಲಿಬಟ್ಟೆಯನ್ನು ಬಿಚ್ಚಿ ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡರು.

ಕಾಲೇಜು ಹಿಂದೆ ಕೊಬ್ಬರಿ ಮಂಡಿಯಾಗಿದ್ದ ಕಟ್ಟಡ. ಪಾಠದ ಕೋಣೆಯ ತೊಲೆಯಲ್ಲಿ ತಕ್ಕಡಿ ತೂಗುಹಾಕುವ ಕೊಂಡಿ ಹಾಗೇ ಇತ್ತು. ಮಾವ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು, ಬಾವಿಯ ನೀರು ಸೇದಿಸಿ ಬಾಯಲ್ಲಿಟ್ಟು ಮುಕ್ಕಳಿಸಿ ನುಂಗಿದರು. ಚರಿತ್ರೆಯ ಮೇಷ್ಟರು ಎದುರು ಬಂದು ನಕ್ಕಾಗ ಅವರ ಹಲ್ಲನ್ನೇ ನೋಡಿ, ಎತ್ತಿನ ವಯಸ್ಸು ಹೇಳುವ ದನಿಯಲ್ಲಿ ನನ್ನ ಕಿವಿಯ ಹತ್ತಿರ, “ಬಾಯಿಗೂಡೈತೆ, ಹಲ್ಲೆಲ್ಲ ಬಂದವೆ. ಇನ್ನೈದು ವರ್ಸಕ್ಕೆ ಮೋಸ ಇಲ್ಲ” ಎಂದರು. ಪುಸ್ತಕದ ಕೋಣೆಗೆ ಹಲಸಿನಕಾಯಿ ಗಾತ್ರದ ಬೀಗ ಹಾಕಿತ್ತು. ಮಾವ ಅದನ್ನು ಎಳೆದು ನೋಡಿ ಮೆಚ್ಚಿದರು. ಒಳಗೇನಿದೆ ಎಂದು ಕೇಳಲಿಲ್ಲ. ನಾನು ಕೇಳಬೇಕೆಂದುಕೊಂಡೆ, ಆದರೆ ನೋಡಲು ಬಂದಿದ್ದವರು ಮಾವ. ನಾನು ಸುಮ್ಮನೆ ಜೊತೆಗಿದ್ದೆ.

ಪ್ರಿನ್ಸಿಪಾಲರು ಕಟ್ಟಡದ ಹಿಂಭಾಗದಲ್ಲೇ ವಾಸ. ನಮ್ಮವರೇ ಎಂದು ಮಾವ ಮೊದಲೇ ವಿಚಾರಿಸಿಕೊಂಡಿದ್ದರು. ನಾವು ಹೋದಾಗ ಅವರು ಹಿತ್ತಿಲ ಪಡಸಾಲೆಯಲ್ಲಿ ಶಾವಿಗೆ ಒರಳಿನ ಸನ್ನೆಮರದ ತುದಿಗೆ ಮೈಭಾರವನ್ನೆಲ್ಲ ಬಿಟ್ಟು ಜೋತುಬಿದ್ದಿದ್ದರು. ಕೆಳಗೆ ಅವರ ಮನೆಯಾಕೆ ಬೀಳುವ ಎಳೆಗಳನ್ನು ತಟ್ಟೆಗೆ ಹಿಡಿಯುತ್ತಿದ್ದರು. ಪ್ರಿನ್ಸಿಪಾಲರು ತೆಳ್ಳಗಿನ ಮನುಷ್ಯ. ಜೋತುಬಿದ್ದರೂ ಮರ ಕೆಳಗಿಳಿಯುತ್ತಿರಲಿಲ್ಲ. ಹಾಗೆಯೇ ನೇತಾಡುತ್ತ, ಚರಿತ್ರೆ, ತರ್ಕ, ಕನ್ನಡ, ಸಂಸ್ಕೃತ, ಇಂಗ್ಲಿಷು ಇವಿಷ್ಟನ್ನು ಕಲಿತ ಹುಡುಗನ ಬುದ್ಧಿ ಹೇಗೆ ಅರಳುತ್ತದೆ ಎಂದು ಮಾವನಿಗೆ ವಿವರಿಸಿದರು.

“ಅದೆಲ್ಲ ಸರಿ ಸ್ವಾಮಿ, ಓದಿ ಏನಾಯ್ತಾನೆ?” ಎಂದರು ಮಾವ.

“ಮನುಷ್ಯನಾಗುತ್ತಾನೆ.”

“ಅದು ಈಗ್ಲೇ ಆಗವ್ನೆ. ಅಮಲ್ದಾರ್ ಆಯ್ತಾನಾ?”

ಪ್ರಿನ್ಸಿಪಾಲರು ಸನ್ನೆಮರದಿಂದ ಇಳಿದು ಯೋಚಿಸತೊಡಗಿದರು. ಒರಳಿನಲ್ಲಿ ಹಿಟ್ಟು ತಣ್ಣಗಾಗುತ್ತಿತ್ತು. ತಣ್ಣಗಾದರೆ ಒತ್ತಲು ಬರುವುದಿಲ್ಲ. ಅಮ್ಮನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀನಾದರೂ ಒಂದು ಕೈ ಹಾಕಪ್ಪ ಎಂದರು. ಹಾಕಿದೆ. ಹದಿನೆಂಟರ ಮೈ, ಮರ ಸರಕ್ಕನೆ ಇಳಿಯಿತು. ಬಿಸಿ ಶಾವಿಗೆ ತಟ್ಟೆಯಲ್ಲಿ ಸಿಂಬೆ ಸುತ್ತಿಕೊಂಡಿತು. ಮಾವ ಮಾತಿನಲ್ಲಿ ಮುಳುಗಿದ್ದರು. ಅಮ್ಮನವರು ಉಪ್ಪು ಸರಿಯಾಗಿದೆಯಾ ನೋಡು ಎಂದು ಒಂದು ಹಿಡಿಯನ್ನು ಬಟ್ಟಲಿಗೆ ಹಾಕಿ, ಮೇಲೆ ಬೆಲ್ಲ ಬೆರೆಸಿದ ಕಾಯಿಹಾಲು ಸುರಿದುಕೊಟ್ಟರು. ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ. ಉಪ್ಪು ಸರಿಯಾಗಿತ್ತು. ಆದರೂ ಖಚಿತವಾಗಲಿ ಎಂದು ಬಟ್ಟಲನ್ನು ಮತ್ತೊಮ್ಮೆ ಚಾಚಿದೆ.

ಮಾತು ನಿಂತದ್ದು ನನಗೆ ಆಮೇಲೆ ಗೊತ್ತಾಯಿತು. ಮಾವ ನನ್ನ ಗಲ್ಲದ ಮೇಲಿನ ಕಾಯಿಹಾಲನ್ನೇ ನೋಡುತ್ತಿದ್ದರು.

“ತಿಂದ್ಯೇನೋ ರುದ್ರ?”

“ಉಪ್ಪು ನೋಡ್ದೆ ಮಾವ.”

“ಎಷ್ಟು ಸಲ?”

“ಎರಡ್ ಸಲ.”

ಮಾವ, “ಒಂದು ಸಲ ಆಗಿದ್ರೆ ಏನಾದ್ರೂ ಹೇಳಬೌದಿತ್ತು” ಎಂದು ಎದ್ದು, ಕಾಲು ತೊಳೆದು ಬಂದು, ತಾವೂ ಎಲೆ ಮುಂದೆ ಕೂತರು. ಮೂರು ಸಲ ಹಾಕಿಸಿಕೊಂಡರು. ಇದು ಮದುವೆಯ ಸಂಬಂಧವಲ್ಲ ಮಾವ, ಕಾಲೇಜು ಎಂದು ನಾನು ಪಿಸುಗುಟ್ಟಿದೆ. ಆ ತಾಯಿ ಕೈಯಾರೆ ಬಡಿಸಿದ ಮೇಲೆ ನಾಳೆ ಇನ್ನೊಂದು ಮನೆಯ ಬಾಗಿಲಿಗೆ ಹೋಗಿ ನಿಂತರೆ ಅಜ್ಜಂಪುರದಲ್ಲಿ ತಾವು ತಲೆ ಎತ್ತಿಕೊಂಡು ತಿರುಗುವುದು ಹೇಗೆ ಎಂದರು. ಮೈಸೂರಿನ ಪ್ರಯಾಣ ಅಲ್ಲಿಗೆ ಮುಗಿಯಿತು. ಹೊರಡುವಾಗ ಅಮ್ಮನವರು ನಮ್ಮವ್ವನಿಗೆಂದು ಒಂದಿಷ್ಟು ಚಟ್ನಿಪುಡಿ ತಂದರು. ಕಟ್ಟಲು ಕಾಗದ ಏನಾದರೂ ಇದೆಯಾ ಎಂದು ಮಾವ ನನ್ನ ಕಡೆ ಕೈ ಚಾಚಿದರು. ನನ್ನಲ್ಲಿದ್ದದ್ದು ಒಂದೇ ಕಾಗದ. ಒಳ್ಳೆಯ ದಪ್ಪ ಕಾಗದ. ಯಗಟಿಯವರೆಗೂ ಎಲ್ಲೂ ಸೋರಲಿಲ್ಲ. ಅವ್ವ ಬಿಚ್ಚಿ ರುಚಿ ನೋಡಿ, ಹುರಿಗಡಲೆ ಜಾಸ್ತಿಯಾಯಿತು ಎಂದಳು.

ಕಾಲೇಜು ಕೆಟ್ಟದ್ದೇನಲ್ಲ. ನಾನು ಮನುಷ್ಯನಾದೆನೋ ಇಲ್ಲವೋ, ಅಮಲ್ದಾರನಂತೂ ಆಗಲಿಲ್ಲ. ಪುಸ್ತಕದ ಕೋಣೆಯ ಒಳಗನ್ನು ಎರಡನೇ ವರ್ಷದಲ್ಲಿ ನೋಡಿದೆ, ಅದೂ ಸೋರುತ್ತಿದ್ದ ಹೆಂಚು ಕೈಯಾಡಿಸುವಾಗ. ಪ್ರಿನ್ಸಿಪಾಲರು ತೀರಿಕೊಂಡ ಮೇಲೆ ಆ ಬೀಗದ ಕೈ ನನ್ನ ಉಡಿದಾರಕ್ಕೆ ಬಂತು, ಶಾವಿಗೆ ಒರಳು ನಮ್ಮ ಮನೆಗೆ ಬಂತು. ಜೂನ್ ತಿಂಗಳಲ್ಲಿ ಯಾರಾದರೂ ಕಾಲೇಜು ನೋಡಲು ಬರುತ್ತಾರೆಂದು ತಿಳಿದರೆ ನನ್ನ ಹೆಂಡತಿ ಹಿಂದಿನ ದಿನವೇ ಅಕ್ಕಿ ನೆನೆಹಾಕುತ್ತಾಳೆ. ನಮ್ಮಲ್ಲಿ ಊಟ ಮಾಡುವವರಿಗೆ ಶಾವಿಗೆ, ಮಾಡದವರಿಗೆ ಎಳನೀರು. ಯಾರಿಗೂ ಬಲವಂತವಿಲ್ಲ. ಆದರೆ ಎಳನೀರು ಕುಡಿದವರಿಗಿಂತ ಶಾವಿಗೆ ಉಂಡವರು ಹೆಚ್ಚಾಗಿ ಸೇರುತ್ತಾರೆ ಎಂಬುದನ್ನು ನಾನು ಗಮನಿಸಿದ್ದೇನೆ.

ಹೋದ ವಾರ ಹಿರೇನಲ್ಲೂರಿನಿಂದ ಪಾರ್ವತಿ ಎಂಬ ಹುಡುಗಿ ಅಜ್ಜಿಯ ಜೊತೆ ಬಂದಳು. ಅಜ್ಜಿ ಜಗಲಿಯ ಮೇಲೆ ಕೂತಳು. ಹುಡುಗಿಯೇ ಎದ್ದು ಎಲ್ಲ ನೋಡಿದಳು. ಗೋಡೆ ತಟ್ಟಲಿಲ್ಲ, ಚರಿತ್ರೆಯ ಪಾಠ ನಡೆಯುತ್ತಿದ್ದ ಕಡೆ ಹೋಗಿ ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತು ಬಂದಳು. ಪುಸ್ತಕದ ಕೋಣೆಗೆ ಯಾಕೆ ಬೀಗ ಎಂದಳು. ಪುಸ್ತಕ ಕಳೆಯಬಾರದಲ್ಲಮ್ಮ ಎಂದೆ. ಅವನ್ನು ಎಷ್ಟು ಜನ ಓದಿದ್ದಾರೆ ಎಂದಳು. ನಾನು ಮಾತು ತಪ್ಪಿಸಿ ಶಾವಿಗೆಯ ವಿಷಯ ತೆಗೆದೆ. ಒಳಗಿನಿಂದ ಒರಳಿನ ಕಿರ್ ಕಿರ್ ಕೇಳಿಸುತ್ತಿತ್ತು.

“ಮಾತು ಮುಗೀಲಿ ತಡೀರಿ ಮೇಷ್ಟ್ರೇ,” ಎಂದಳು ಅಜ್ಜಿ. ಅವಳಿಗೂ ಶಾಸ್ತ್ರ ಗೊತ್ತಿತ್ತು.

ಪಾರ್ವತಿ ನನ್ನನ್ನು ಕೇಳಿದಳು, “ನೀವು ಯಾಕೆ ಸೇರಿದ್ರಿ ಇಲ್ಲಿಗೆ?” ಪ್ರಿನ್ಸಿಪಾಲರ ವಿದ್ವತ್ತು ಎಂದೆ. ಅವಳು ತಲೆದೂಗಲಿಲ್ಲ. “ಅದು ಸೇರಿದ ಮೇಲೆ ಗೊತ್ತಾಗಿರುತ್ತೆ. ಸೇರೋಕೆ ಮುಂಚೆ?” ಎಂದಳು. ಇಷ್ಟು ವರ್ಷ ತರ್ಕ ಹೇಳಿಕೊಟ್ಟ ನಾನು ಒರಳಿನ ಸದ್ದಿನ ಕಡೆ ತಿರುಗಿದೆ.

ಅವರು ಜಗಲಿಯ ಮೇಲೆ ತಮ್ಮ ಬುತ್ತಿ ಬಿಚ್ಚಿದರು. ಹುಡುಗಿ ಒಂದು ರೊಟ್ಟಿಯ ಮೇಲೆ ಹುಚ್ಚೆಳ್ಳು ಚಟ್ನಿಪುಡಿ ಹಾಕಿ ನನ್ನ ಕಡೆ ಚಾಚಿದಳು. ಬೇಡವೆನ್ನಬೇಕಿತ್ತು. ಬೀರೂರಿನ ರೈಲಿನಲ್ಲಿ ಉಳಿದ ಬುತ್ತಿಯ ವಾಸನೆಯೇ ಅದು. ತಿಂದೆ. ಇನ್ನೊಂದು ಕೊಟ್ಟಳು, ಅದನ್ನೂ ತಿಂದೆ. ಒರಳಿನ ಸದ್ದು ನಿಂತು ಹೋಗಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ಎರಡು ಬೆರಳು ತೋರಿಸಿದಳು.

ಮೈಸೂರಿನದನ್ನೂ ನೋಡಿ ತಿಳಿಸುತ್ತೇನೆ ಎಂದು ಪಾರ್ವತಿ ಅಂದೇ ಸಂಜೆಯ ರೈಲು ಹಿಡಿದಳು. ನಮ್ಮ ಶಾವಿಗೆಯನ್ನು ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ನಾನು ಪುಸ್ತಕದ ಕೋಣೆಯ ಬೀಗ ತೆಗೆದು, ಕಿಟಕಿಗಳನ್ನು ತೆರೆದು, ಒಂದು ಬೆಂಚು ಹಾಕಿಸಿದೆ. ಅವಳಿಂದ ಇನ್ನೂ ಕಾಗದ ಬಂದಿಲ್ಲ. ಅವಳು ಒಪ್ಪುತ್ತಾಳೋ ಇಲ್ಲವೋ ಗೊತ್ತಿಲ್ಲ. ನಾನಂತೂ ಒಪ್ಪಿಬಿಟ್ಟಿದ್ದೇನೆ.