ಹದಿನೈದು ದಿನದ ಡ್ಯೂಟಿ

ಶಾಂತಕುಮಾರ ಬಸ್ಸಿಳಿದವನು ನೆಟ್ಟಗೆ ಪೇಷಂಟಿನ ಮನೆಗೆ ಹೋಗಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಿರಲಿಲ್ಲ. ಆದರೆ ಹೊಸ ನೌಕರಿಯ ಮೊದಲ ದಿನ, ಎದುರಿಗೇ ಇಸ್ಮಾಯಿಲನ ಹೋಟೆಲು. ಒಂದು ಚಹಾ ಕುಡಿದು ಹೋಗೋಣ ಎಂದು ಕೂತ. ಕೊಳಕೂರಿನಂಥ ಊರಿನಲ್ಲಿ ಬಿಳಿ ಅಂಗಿ ಬಿಳಿ ಪ್ಯಾಂಟು ತೊಟ್ಟವನೊಬ್ಬ ಬಟ್ಟೆಯ ದೊಡ್ಡ ಬ್ಯಾಗು, ಔಷಧದ ಪೆಟ್ಟಿಗೆ ಇಟ್ಟುಕೊಂಡು ಕೂತರೆ ಯಾರು ಸುಮ್ಮನಿರುತ್ತಾರೆ?

"ಯಾರ ಮನಿಗ್ರಿ?" ಇಸ್ಮಾಯಿಲ ಚಹಾ ಕೊಡುತ್ತ ಕೇಳಿದ.

"ದೌಲತರಾಯರ ಮನಿಗ್ರಿ. ನಾ ನರ್ಸ್ ಅದೇನಿ."

"ಅವ್ರು ಕಲಬುರಗಿ ದವಾಖಾನ್ಯಾಗ ಇದ್ರಲ್ಲ?"

"ನಿನ್ನಿ ಮನಿಗಿ ಕರ್ಕೊಂಡ ಬಂದಾರ್ರಿ. ಇನ್ನ ದವಾಖಾನ್ಯಾಗ ಇಟ್ಕೊಳ್ಳೋ ಜರೂರತ್ತಿಲ್ಲ, ಮನ್ಯಾಗೇ ಇರ್ಲಿ ಅಂದಾರ ಡಾಕ್ಟರ್. ಅದಕ್ಕ ಹಗಲೂ ರಾತ್ರಿ ಅವ್ರ ಬಾಜೂಕ ನಾ ಇರ್ತೇನಿ."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಆ ಸೀಮೆಯಲ್ಲಿ ಡಾಕ್ಟರು ಎಪ್ಪತ್ತೆರಡು ವರ್ಷದ ಮನುಷ್ಯನನ್ನು ಮನೆಗೆ ಕಳಿಸುವುದು ಯಾವಾಗ? ಕೈಲಾಗುವುದಿಲ್ಲ ಎಂದಾಗ. ಬಾಜೂಕೆ ಹಗಲೂ ರಾತ್ರಿ ಒಬ್ಬನನ್ನು ಕೂಡಿಸುವುದು ಯಾವಾಗ? ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮನೆಗೆ ಬಂದು ನೋಡಿಕೊಳ್ಳುವ ನರ್ಸ್ ಎಂಬ ಪ್ರಾಣಿಯನ್ನು ಕೊಳಕೂರು ಅಲ್ಲಿಯವರೆಗೆ ಕಂಡಿರಲೇ ಇಲ್ಲ. ಇಸ್ಮಾಯಿಲ ತಲೆಯ ಟೋಪಿ ಸರಿಮಾಡಿಕೊಂಡು, "ಚಹಾದ ರೊಕ್ಕ ಬ್ಯಾಡ ಬಿಡ್ರಿ. ಪುಣ್ಯದ ಕೆಲಸಕ್ಕ ಹೊಂಟೀರಿ" ಎಂದ.

ಎಂಥ ಒಳ್ಳೆಯ ಊರು ಸಿಕ್ಕಿತಲ್ಲ ಎಂದುಕೊಂಡು ಶಾಂತಕುಮಾರ ಪೆಟ್ಟಿಗೆ ಎತ್ತಿಕೊಂಡ.

ಈ ನೌಕರಿ ಅವನಿಗೆ ಸುಮ್ಮನೆ ಸಿಕ್ಕಿದ್ದಲ್ಲ. ಮೊದಲು ಕೆಲಸ ಮಾಡುತ್ತಿದ್ದ ಸಣ್ಣ ದವಾಖಾನೆ ಬಾಗಿಲು ಹಾಕಿ ಎಂಟು ತಿಂಗಳಾಗಿತ್ತು. ಎಂಟು ತಿಂಗಳೂ ಹಿರೋಳ್ಳಿಯ ಮನೆಯಲ್ಲಿ ಕೂತು, ಬಂದ ಬೀಗರಿಗೆಲ್ಲ ನೀರು ತಂದುಕೊಡುವುದೇ ಅವನ ಉದ್ಯೋಗ. ಕೊನೆಗೆ ಕಲಬುರಗಿಯಲ್ಲಿ, ಮನೆಮನೆಗೆ ನರ್ಸ್ ಕಳಿಸುವ ಆಫೀಸೊಂದರ ಸೀಮಾ ಮೇಡಂ ಇವನ ಹೆಸರು ಬರೆದುಕೊಂಡರು. "ನೋಡ್ರಿ, ಒಂದೇ ಪೇಷಂಟ ಹತ್ರ ಹದಿನೈದ ದಿನದ ಡ್ಯೂಟಿ ಪೂರಾ ಮಾಡ್ರಿ. ಪರ್ಮನೆಂಟ್ ಆರ್ಡರ್ ಕೊಡ್ತೇನಿ. ನಡುವ ಡ್ಯೂಟಿ ಕ್ಲೋಸ್ ಆತಂದ್ರ, ಕಾರಣ ಏನರೆ ಇರ್ಲಿ, ನಿಮ್ಮ ಹೆಸರು ಲಿಸ್ಟಿನ ಕಡೀಗಿ ಹೋಗ್ತದ. ದಿನಾ ಸಂಜಿ ಐದಕ್ಕ ನಿಮ್ಮ ಫೋನಿಗೇ ಹಚ್ಚಿ ಪೇಷಂಟಿಗಿ ನಾನೇ ಕೇಳ್ತೇನಿ" ಎಂದಿದ್ದರು. ಇವನ ತಾಯಿ ಅಷ್ಟಕ್ಕೇ ಓಣಿಗೆಲ್ಲ ಪೇಡೆ ಹಂಚಿ, ಮಗನಿಗೆ ನೌಕರಿಯಾಯಿತು ಎಂದು ಸಾರಿಬಿಟ್ಟಿದ್ದಳು. ಹದಿನೈದು ದಿನ ಮುಗಿಸದೆ ಊರಲ್ಲಿ ಮುಖ ತೋರಿಸುವ ಹಾಗಿರಲಿಲ್ಲ.

ದೌಲತರಾಯರು ಮಾಳಿಗೆಯ ಮೆಟ್ಟಿಲಲ್ಲಿ ಜಾರಿಬಿದ್ದು, ತೊಡೆಯ ಎಲುಬಿಗೆ ರಾಡು ಹಾಕಿಸಿಕೊಂಡು ಬಂದಿದ್ದರು. ಕಾಲೊಂದು ಬಿಟ್ಟರೆ ಮನುಷ್ಯ ಗುಂಡುಕಲ್ಲು. ಪಡಸಾಲೆಯ ಮಂಚದ ಮೇಲೆ ಮೀಸೆ ತೀಡುತ್ತ ಮಲಗಿದ್ದವರು ಇವನನ್ನು ಮೇಲಿಂದ ಕೆಳಗೆ ನೋಡಿದರು.

"ನರ್ಸ್ ಅಂದ್ರ ಹೆಣ್ಣಮಕ್ಕಳು ಬರ್ತಾರಲ್ಲೋ ತಮ್ಮಾ?"

"ಬ್ಯಾನಿ ಬಂದ ಮ್ಯಾಲೆ ಇದೊಂದು ಬ್ಯಾರೆ ಚಿಂತಿ ನಿಮಗ" ಎಂದು ಅವರ ಹೆಂಡತಿ ಗುರಮ್ಮ ಒಳಗಿಂದಲೇ ಗದರಿದಳು. "ಎತ್ತಿ ಕೂಡ್ಸಾಕ ಗಂಡಸೇ ಬೇಕು. ಬಾ ತಮ್ಮಾ, ನೀ ಏನ್ ಮಾಡ್ಬೇಕು ಮಾಡು."

ಶಾಂತಕುಮಾರ ಗಾಯ ತೊಳೆದು ಹೊಸ ಪಟ್ಟಿ ಕಟ್ಟಿದ. ಬಿಪಿ ನೋಡಿದ, ಸರಿಯಾಗಿತ್ತು. ಸಕ್ಕರೆ ನೂರೈವತ್ತೆರಡು, ಅದೂ ಪರವಾಗಿಲ್ಲ. ಕಡೆಯದೇ ಕಷ್ಟದ ಕೆಲಸ. ವಾಕರ್ ಹಿಡಿಸಿ ಹತ್ತು ಹೆಜ್ಜೆ ನಡೆಸಬೇಕೆಂದು ಚೀಟಿಯಲ್ಲಿ ಬರೆದಿತ್ತು.

"ನಡಿಯಂಗಿಲ್ಲ" ಎಂದರು ದೌಲತರಾಯರು. "ದವಾಖಾನ್ಯಾಗ ಮೂರ ಮಂದಿ ಡಾಕ್ಟರ್ ಹೇಳ್ಯಾರ, ಅವ್ರ ಮಾತೇ ಕೇಳಿಲ್ಲ. ನಿಂದೇನ್ ಕೇಳ್ಲಿ?"

ಅಷ್ಟರಲ್ಲಿ ಬಾಗಿಲಲ್ಲಿ ದಾವಲಸಾಬ ಬಂದು ನಿಂತ. ದೌಲತರಾಯರ ಚಡ್ಡಿದೋಸ್ತ. ಕೈಯಲ್ಲಿ ಬಿಸಿಬಿಸಿ ಮಿರ್ಚಿಭಜಿಯ ಪೊಟ್ಟಣ, ಹೆಗಲ ಮೇಲೊಂದು ಏಣಿ. ನಾಲ್ಕು ವರ್ಷದ ಹಿಂದೆ ಎರವಲು ಒಯ್ದು, ಕೇಳಿದಾಗಲೆಲ್ಲ "ಯಾವ ಏಣಿ?" ಎಂದಿದ್ದ ಅದೇ ಏಣಿ. ಅದನ್ನು ಸದ್ದಿಲ್ಲದೆ ಗೋಡೆಗೆ ಒರಗಿಸಿ, ಮಂಚದ ಅಂಚಿನಲ್ಲಿ ಕೂತ.

"ದೌಲತ್ಯಾ, ತಿನ್ನೋ. ನಿಂಗ ಭಾಳ ಸೇರ್ತದಲ್ಲ" ಎಂದು ಒಂದು ಭಜಿ ಮುರಿದು ತಾನೇ ಬಾಯಿಗಿಟ್ಟ.

"ಕರಿದಿದ್ದು ಕೊಡಬ್ಯಾಡ್ರಿ ಕಾಕಾ, ಪಥ್ಯ ಅದ" ಎಂದ ಶಾಂತಕುಮಾರ.

ದಾವಲಸಾಬ ಅವನ ಕಡೆ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಕರುಣೆಯಿತ್ತು. "ಇನ್ನೆಂಥಾ ಪಥ್ಯಪ್ಪಾ? ಮನಸಿಗಿ ಬಂದದ್ದು ತಿನ್ಲಿ ಬಿಡು."

ಅವನ ಹಿಂದೆ ಎದುರುಮನೆಯ ಖಾಸೀಂಬಿ ಶಾವಿಗೆಯ ಶೀರ್‌ಖುರ್ಮಾ ತಂದಳು. ಅವಳ ಹಿಂದೆ ಶೇಂಗಾ ಹೋಳಿಗೆ ಬಂತು, ಬೆಲ್ಲದ ಮಾಲ್ದಿ ಬಂತು. ಯಾರೂ ಹೆಚ್ಚು ಮಾತಾಡಲಿಲ್ಲ. ಬರುವುದು, ತಿನ್ನಿಸುವುದು, ಹಣೆ ಮುಟ್ಟುವುದು, ಸೆರಗಿನಿಂದಲೋ ಟವೆಲಿನಿಂದಲೋ ಮೂಗು ಒರೆಸಿಕೊಳ್ಳುವುದು. ಶಾಂತಕುಮಾರ ಒಬ್ಬರ ಕೈಯಿಂದ ತಾಟು ಕಸಿದುಕೊಂಡರೆ ಮತ್ತೊಬ್ಬರು ಆ ಕಡೆಯಿಂದ ತುತ್ತು ಇಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಸಕ್ಕರೆ ಇನ್ನೂರ ತೊಂಬತ್ತೆಂಟಕ್ಕೆ ಏರಿ ಕೂತಿತ್ತು.

ದೌಲತರಾಯರು ಮಾತ್ರ ಖುಷಿಯಲ್ಲಿ ಉಬ್ಬಿಹೋಗಿದ್ದರು. "ನೋಡ್ದೀ ಏನ್ ಗುರಮ್ಮಾ, ಏಣಿ ಬಂತು, ಹೋಳಿಗಿ ಬಂತು! ಈ ಹುಡುಗನ ಕಾಲ್ಗುಣ ಭಾಳ ಚಲೋ ಅದ" ಎಂದು ತುಟಿ ಸವರಿಕೊಂಡರು. ಅವರಿಗೆ ಒಂದೇ ಕೊರತೆ. ಊರೆಲ್ಲ ಬಂದರೂ ಗೋಡೆಗೆ ಗೋಡೆ ಹತ್ತಿಸಿಕೊಂಡಿದ್ದ ಮನೆಯಿಂದ ಒಡಹುಟ್ಟಿದ ತಮ್ಮ ಧರ್ಮಣ್ಣ ಬಂದಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅವನು ಹೊಲದ ಗಡಿಕಲ್ಲನ್ನು ಮೂರು ಸಾಲಿನಷ್ಟು ಅಣ್ಣನ ಕಡೆಗೆ ಸರಿಸಿದ್ದ. ಸರಿಸಿಲ್ಲ ಎಂದು ಆಣೆ ಮಾಡಿದ್ದ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ಎರಡು ಗಂಟೆಗೆ ಬಾಗಿಲ ಮುಂದೆ ಒಂದು ಜೀಪು ನಿಂತಿತು. ಗೊಬ್ಬೂರಿಗೆ ಕೊಟ್ಟಿದ್ದ ಮಗಳು ವಿಜಯಶ್ರೀ, ಜೊತೆಗೆ ಬೀಗರ ಕಡೆಯ ಎಂಟು ಮಂದಿ. ಅವಳು ಜೀಪಿನಿಂದ ಇಳಿಯುವ ಮೊದಲೇ ದನಿ ತೆಗೆದಿದ್ದಳು.

"ಯಪ್ಪಾ, ನನ್ನ ಬಿಟ್ಟು ಹೆಂಗ ಹೊಂಟಿಯೋ ಯಪ್ಪಾ!"

ದೌಲತರಾಯರ ಕೈಯಲ್ಲಿದ್ದ ಹೋಳಿಗೆ ಜಾರಿ ಬಿತ್ತು. "ಎಲ್ಲಿಗಿ ಹೊಂಟೇನಿ ನಾನು?"

ದಾವಲಸಾಬ ತಲೆ ತಗ್ಗಿಸಿಕೊಂಡು ಹೇಳಿದ. "ಡಾಕ್ಟರ್ ಕೈ ಬಿಟ್ಟಾರಂತಲ್ಲೋ. ಮನ್ಯಾಗೇ ಇರ್ಲಿ ಅಂತ ಕಳ್ಸ್ಯಾರಂತ. ಈ ಹುಡುಗನೇ ಇಸ್ಮಾಯಿಲನ ಹೋಟೆಲ್ನ್ಯಾಗ ಹೇಳ್ಯಾನ."

ಮನೆಯೆಲ್ಲ ತಿರುಗಿ ಶಾಂತಕುಮಾರನನ್ನು ನೋಡಿತು. ಅವನ ಬಾಯಿಂದ ಮಾತು ಹೊರಡುವುದರೊಳಗೆ ಗುರಮ್ಮ ಎದೆ ಎದೆ ಬಡಿದುಕೊಳ್ಳತೊಡಗಿದಳು. "ನನ್ನ ಮುಂದ ಯಾಕ ಮುಚ್ಚಿಟ್ರೋ!" ದೌಲತರಾಯರ ಮುಖ ಕೆಂಪೇರಿತು. ಬಿಪಿ ಪಟ್ಟಿ ಸುತ್ತಿದರೆ ನೂರ ಎಂಬತ್ತು.

"ಏನೂ ಆಗಿಲ್ರಿ ಅವ್ರಿಗಿ! ಅರಾಮ ಆಗ್ಯಾರಂತನೇ ಮನಿಗಿ ಕಳ್ಸ್ಯಾರ!" ಎಂದು ಶಾಂತಕುಮಾರ ಕೂಗಿದ.

"ಅರಾಮ ಆದವ್ರಿಗಿ ನರ್ಸ್ ಯಾಕ ಬೇಕು?" ಎಂದಳು ಖಾಸೀಂಬಿ. ಅಲ್ಲಿದ್ದವರಿಗೆಲ್ಲ ಅದು ಸರಿಯಾದ ಮಾತೆನಿಸಿತು.

ಇನ್ನು ಉಳಿದದ್ದು ಒಂದೇ ದಾರಿ. ಶಾಂತಕುಮಾರ ವಾಕರ್ ತಂದು ಮಂಚದ ಮುಂದೆ ಇಟ್ಟ. "ಕಾಕಾ, ಎಲ್ಲಾರ ಮುಂದ ಹತ್ತ ಹೆಜ್ಜಿ ನಡದ ತೋರಸ್ರಿ. ಇವ್ರ ಬಾಯಿ ಮುಚ್ತದ."

ಮೂರು ಡಾಕ್ಟರಿಗೆ ಬಗ್ಗದಿದ್ದ ದೌಲತರಾಯರು, ಬದುಕಿದ್ದಾಗಲೇ ಅಳಿಸಿಕೊಂಡ ಸಿಟ್ಟಿಗೆ ಎದ್ದು ನಿಂತರು. ಹತ್ತಲ್ಲ, ಇಪ್ಪತ್ತು ಹೆಜ್ಜೆ ಹಾಕಿ ಬಾಗಿಲತನಕ ಹೋಗಿ ತಿರುಗಿ ಬಂದರು. "ನೋಡ್ರಿ! ಸಾಯಾಂವ ಹಿಂಗ ನಡೀತಾನೇನು?"

ವಿಜಯಶ್ರೀ ಅಳು ನಿಲ್ಲಿಸಿ ಮೂಗು ಒರೆಸಿಕೊಂಡಳು. ಶಾಂತಕುಮಾರ ಉಸಿರು ಬಿಟ್ಟ. ಆಗ ಖಾಸೀಂಬಿ ಪಕ್ಕದವಳ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ, ಹೇಳಿದಳು. "ನಮ್ಮ ಮಾವನೂ ಹಿಂಗೇ ಮಾಡಿದ್ದ. ಕಡೀ ದಿನ ಎದ್ದು ಅಂಗಳತನಕಾ ನಡ್ಕೊಂಡ ಬಂದ, ಎರಡ ರೊಟ್ಟಿ ಕೇಳಿ ಉಂಡ. ಹೊತ್ತ ಮುಳಗೂದ್ರಾಗ..." ಮುಂದಿನದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ವಿಜಯಶ್ರೀ ಮೊದಲಿಗಿಂತ ಎರಡು ಪಟ್ಟು ದನಿಯಲ್ಲಿ ಶುರುಮಾಡಿದಳು. ಹೊರಗೆ ಯಾರೋ ಸ್ವಾಮಿಗಳಿಗೆ ಹೇಳಿಕಳಿಸಿದರು. ಮತ್ತ್ಯಾರೋ ಶಾಮಿಯಾನದವನಿಗೆ ಫೋನ್ ಹಚ್ಚಿ, "ಸಂಜಿಗಿ ಖಾಲಿ ಅದೇನಪ್ಪಾ?" ಎಂದು ಮೆಲ್ಲಗೆ ಕೇಳುತ್ತಿದ್ದರು.

ಮಂಚದ ಮೇಲೆ ಕೂತ ದೌಲತರಾಯರು ಇನ್ನೂ ನಾಲ್ಕು ಬೈಗುಳ ಬೈಯಬೇಕೆಂದು ಬಾಯಿ ತೆರೆದವರಿಗೆ ಕಿಟಕಿಯಾಚೆ ಧರ್ಮಣ್ಣ ಕಂಡ. ತನ್ನ ಮನೆಯ ಹೊಸ್ತಿಲಲ್ಲಿ ನಿಂತು ಒಂದು ಹೆಜ್ಜೆ ಮುಂದಿಡುತ್ತಿದ್ದ, ಹಿಂದಿಡುತ್ತಿದ್ದ, ಕಣ್ಣು ಒರೆಸಿಕೊಳ್ಳುತ್ತಿದ್ದ. ದೌಲತರಾಯರು ಮೆಲ್ಲಗೆ ಮಲಗಿ ಕೌದಿ ಎದೆಯತನಕ ಎಳೆದುಕೊಂಡು ಶಾಂತಕುಮಾರನನ್ನು ಕರೆದರು.

"ಲೇ ತಮ್ಮಾ, ಇಲ್ಲಿ ಬಾ. ನನ್ನ ನಾಡಿ ಹಿಡ್ಕೊಂಡು ಬಾಯಿ ಮುಚ್ಕೊಂಡ ಕುಂದ್ರು."

"ಯಾಕ್ರಿ ಕಾಕಾ?"

"ಧರ್ಮಣ್ಣ ಬರಾಕತ್ತಾನ. ಹನ್ನೊಂದ ವರ್ಷ ಪಂಚರಿಗಿ ಬಗ್ಗದಾಂವ ಇವತ್ತ ಬಗ್ತಾನ."

"ಅದು ಸುಳ್ಳಾಗ್ತದ್ರಿ. ಸಂಜಿ ಐದಕ್ಕ ನಮ್ಮ ಮೇಡಂ ಫೋನ್ ಮಾಡ್ತಾರ, ಅವ್ರಿಗಿ ಗೊತ್ತಾದ್ರ..."

"ಸುಳ್ಳ ಹೇಳು ಅಂದೇನೇನು? ಸುಮ್ಮ ಕುಂದ್ರು ಅಂದೆ. ಕುಂತಿ ಅಂದ್ರ, ಸಂಜಿಗಿ ನಿಮ್ಮ ಮೇಡಂ ಮುಂದ ನಿನ್ನ ಎಂಥಾ ಹೊಗಳ್ತೇನಿ ನೋಡು. ಇಲ್ಲಾಂದ್ರ, ಈ ಹುಡುಗ ಕೆಲಸಕ್ಕ ಬಾರದಾಂವ ಅದಾನ, ಬ್ಯಾರೆಯವ್ರನ್ನ ಕಳಸ್ರಿ ಅಂತೇನಿ."

ಶಾಂತಕುಮಾರನ ಕಣ್ಣ ಮುಂದೆ ತಾಯಿ ಹಂಚಿದ ಪೇಡೆಗಳೆಲ್ಲ ಬಂದುಹೋದವು. ಅವನು ನಾಡಿ ಹಿಡಿದು ಕೂತ. ದುಃಖದ ಮುಖ ಮಾಡಲು ಅವನೇನೂ ಕಷ್ಟಪಡಬೇಕಾಗಲಿಲ್ಲ.

ಧರ್ಮಣ್ಣ ಒಳಗೆ ಬಂದವನೇ "ಅಣ್ಣಾ!" ಎಂದು ಕಾಲ ಮೇಲೆ ಬಿದ್ದ. ಬಿದ್ದದ್ದು ರಾಡು ಹಾಕಿದ ಕಾಲ ಮೇಲೆ. ದೌಲತರಾಯರು ಅಯ್ಯಯ್ಯೋ ಎಂದು ಮೂರು ಓಣಿಗೆ ಕೇಳುವಂತೆ ಕಿರುಚಿದರು. ಆ ಕೂಗಿನಲ್ಲಿ ನಾಟಕ ಒಂದಿಷ್ಟೂ ಇರಲಿಲ್ಲ. ಆಯಿತು, ಹೋಯಿತು ಎಂದು ಜನ ಒಳಗೆ ನುಗ್ಗಿತು. ಧರ್ಮಣ್ಣ ಎದ್ದು ಕೈ ಜೋಡಿಸಿದ.

"ಕಲ್ಲು ನಾನೇ ಸರ್ಸಿದ್ದೆ ಅಣ್ಣಾ! ಎಲ್ಲಾರ ಮುಂದ ಹೇಳಾಕತ್ತೇನಿ. ನಾಳಿ ಮುಂಜಾನಿ ಮೊದಲಿದ್ದ ಜಾಗದಾಗ ಇಡ್ತೇನಿ. ತಪ್ಪಾತು!"

ದೌಲತರಾಯರು ಒಂದು ಕಣ್ಣು ತೆರೆದರು. "ನಾಳಿ... ನಾ ಇರ್ತೇನೋ ಇಲ್ಲೋ... ಈಗೇ... ಹೋಗು..."

ದಾವಲಸಾಬ ಮತ್ತು ನಾಲ್ಕು ಮಂದಿ ಹಾರೆ ಹಿಡಿದು ಧರ್ಮಣ್ಣನ ಜೊತೆ ಹೊಲಕ್ಕೆ ಹೋದರು. ಒಂದೂವರೆ ತಾಸು ಶಾಂತಕುಮಾರ ನಾಡಿ ಬಿಡಲಿಲ್ಲ. ಕಲ್ಲು ಹಳೆಯ ಜಾಗಕ್ಕೆ ಬಂತು ಎಂದು ದಾವಲಸಾಬ ಬಂದು ಹೇಳಿದ್ದೇ ತಡ, ದೌಲತರಾಯರು ಕೌದಿ ಒಗೆದು ಎದ್ದು ಕೂತರು. "ಗುರಮ್ಮಾ, ಚಹಾ ಇಡು" ಎಂದರು. ವಾಕರ್ ಹಿಡಿದು ಮನೆಮುಂದಿನ ಕಟ್ಟೆಯತನಕ ತಾವೇ ಹೋಗಿ ಜನರ ನಡುವೆ ಕೂತು, ಹೊತ್ತು ಮುಳುಗಿದ ಮೇಲೂ ತಾವು ಇಲ್ಲೇ ಇರುವುದಾಗಿ ಖಾಸೀಂಬಿಗೆ ಖಡಕ್ಕಾಗಿ ಹೇಳಿದರು. ಧರ್ಮಣ್ಣ ಹಾರೆ ಹಿಡಿದು ಬಾಯಿ ತೆರೆದುಕೊಂಡು ನಿಂತಿದ್ದ. ಗುರಮ್ಮ ಶಾಂತಕುಮಾರನ ಎರಡೂ ಕೈ ತನ್ನ ಕಣ್ಣಿಗೆ ಒತ್ತಿಕೊಂಡಳು. "ಹೋಗಾಂವನ್ನ ಹಿಡದ ನಿಲ್ಸಿದೆಪ್ಪಾ, ನಿನ್ನ ಹೊಟ್ಟಿ ತಣ್ಣಗಿರ್ಲಿ!"

ಸರಿಯಾಗಿ ಐದಕ್ಕೆ ಫೋನು ಬಂತು. ಶಾಂತಕುಮಾರ ಸ್ಪೀಕರ್ ಹಾಕಿ ದೌಲತರಾಯರ ಮುಂದೆ ಹಿಡಿದ.

"ಹೆಂಗದಾರ್ರಿ ನಮ್ಮ ಹುಡುಗ?" ಸೀಮಾ ಮೇಡಂ ಕೇಳಿದರು.

ದೌಲತರಾಯರು ಶಾಂತಕುಮಾರನಿಗೆ ಕಣ್ಣು ಹೊಡೆದು ದನಿ ಎತ್ತಿದರು. "ಮೇಡಮ್ಮರೇ, ನಿಮ್ಮ ಹುಡುಗ ಹುಡುಗಲ್ಲ, ದೇವ್ರು! ಮೂರ ಮಂದಿ ಡಾಕ್ಟರ್ ಕೈಲೆ ಆಗ್ಲಾರದ್ದು ಒಂದೇ ದಿನದಾಗ ಮಾಡ್ಯಾನ. ನಾ ನಡದು ಕಟ್ಟಿಗಿ ಬಂದ ಕುಂತೇನಿ. ಊರಾನ ಮಂದಿಯೆಲ್ಲಾ ಸಾಕ್ಷಿ!"

"ಹೌದ್ರಿ, ಹೌದ್ರಿ!" ಎಂದಿತು ಕಟ್ಟೆ.

ಶಾಂತಕುಮಾರನ ಕಣ್ಣಲ್ಲಿ ನೀರು ಬಂತು. ಮುದುಕ ಕೊಟ್ಟ ಮಾತು ಉಳಿಸಿಕೊಂಡಿದ್ದ.

"ಭಾಳ ಸಂತೋಷ ಆತ್ರಿ" ಎಂದರು ಮೇಡಂ. "ಹಂಗಾರ ಹದಿನೈದ ದಿನ ಇವ್ರನ್ನೇ..."

"ಯಾಕ್ರಿ ಹದಿನೈದ ದಿನ? ಕೆಲಸ ಬಾರದಾಂವ ಇದ್ರ ಹದಿನೈದ ದಿನ ಬೇಕು. ಇಂವ ಒಂದೇ ದಿನದಾಗ ಮುಗ್ಸ್ಯಾನ! ಪಾಪ, ಅವನ್ನ ಯಾಕ ಸುಮ್ಮ ಇಟ್ಕೊಳ್ಳಲಿ? ನಾಳಿಯಿಂದ ಬ್ಯಾಡ್ರಿ. ಬ್ಯಾರೆ ಯಾರಿಗರೆ ಕಳಸ್ರಿ, ಪುಣ್ಯ ಬರ್ತದ."

"ಕಾಕಾ, ಸಕ್ಕರಿ ಮುನ್ನೂರ ಅದ! ಹೊಲಿಗಿ ಬಿಚ್ಚೋದದ!" ಎಂದು ಶಾಂತಕುಮಾರ ಫೋನಿನೊಳಗೇ ಕೂಗಿದ.

"ನೋಡ್ರಿ, ಎಷ್ಟ ಸಣ್ಣ ಮನುಷ್ಯಾನಂಗ ಮಾತಾಡ್ತಾನ, ಅಹಂಕಾರ ಅನ್ನೂದೇ ಇಲ್ಲ! ಹೊಲಿಗಿ ಜೇವರ್ಗಿ ದವಾಖಾನಿಗಿ ಹೋಗಿ ಬಿಚ್ಚಿಸ್ಕೊಂಡ ಬರ್ತೇವ್ರಿ."

ಮೇಡಂ ಹೇಳಿದರು. "ಕಂಗ್ರಾಚುಲೇಷನ್ಸ್ ಶಾಂತಕುಮಾರ. ಪಾರ್ಟಿನೇ ಬ್ಯಾಡ ಅಂದ ಮ್ಯಾಲೆ ಡ್ಯೂಟಿ ಕ್ಲೋಸ್ ಮಾಡ್ತೇನಿ. ನಿಮ್ಮ ಪಾಳಿ ಬಂದಾಗ ಫೋನ್ ಮಾಡ್ತೇವಿ. ಈಗ ಲಿಸ್ಟಿನ್ಯಾಗ ನಿಮ್ಮ ಮುಂದ ನಲವತ್ತೊಂದ ಮಂದಿ ಅದಾರ."

ದೌಲತರಾಯರು ಮೀಸೆ ತಿರುವಿದರು. "ಹೆಂಗ? ಹೊಗಳಿದ್ದು ಸಾಕಾತೋ, ಇನ್ನೊಂದ ನಾಕ ಮಾತ ಹೇಳ್ಬೇಕಿತ್ತೋ?"

"ಸಾಕಾತ್ರಿ ಕಾಕಾ" ಎಂದ ಶಾಂತಕುಮಾರ. ಅವನು ಪೆಟ್ಟಿಗೆ, ಬ್ಯಾಗು ಕಟ್ಟಿಕೊಳ್ಳುತ್ತಿದ್ದಾಗ ಅವನ ಫೋನು ಮತ್ತೆ ಸದ್ದು ಮಾಡಿತು. ಹಿರೋಳ್ಳಿಯಿಂದ ತಾಯಿ.

"ಹೆಂಗಾತಪ್ಪಾ ಮೊದಲ್ನೇ ದಿನ? ಪೇಷಂಟ ಹೆಂಗದಾರ?"

"ಪೂರಾ ಅರಾಮ ಆಗ್ಯಾರವ್ವಾ."

"ಒಂದೇ ದಿನದಾಗ! ಅಯ್ಯ ನನ್ನ ಬಂಗಾರಾ! ನಿಮ್ಮ ಆಫೀಸಿನವ್ರು ಏನಂದ್ರು?"

"ಭಾಳ ಖುಷಿ ಆಗ್ಯಾರ. ನಾಳಿ ಊರಿಗಿ ಬರಾಕತ್ತೇನಿ. ರಜಾ ಕೊಟ್ಟಾರ."

"ಆಗ್ಲೇ ರಜಾನೂ ಕೊಟ್ರು? ಎಷ್ಟ ದಿನಪ್ಪಾ?"

"ನಲವತ್ತೊಂದ ಮಂದಿ ಮುಗಿಯೂತನಕವ್ವಾ" ಎಂದ ಶಾಂತಕುಮಾರ. ತಾಯಿ ಫೋನ್ ಇಡದೆಯೇ ಓಣಿಯ ಕಡೆ ಮುಖ ಮಾಡಿ, ಮಗನಿಗೆ ಪ್ರಮೋಷನ್ ಆಗಿದೆ ಎಂದು ಕೂಗುತ್ತಿದ್ದುದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.