ನಾನು ಪೋಸ್ಟ್‌ಮಾಸ್ಟರ್ ಆದದ್ದು

ಇಪ್ಪತ್ತೆರಡು ವರ್ಷಗಳಿಂದ ನಾನು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ನನ್ನ ಮೇಲೆ ಆರು ಜನ ಅಧಿಕಾರಿಗಳಿದ್ದಾರೆ; ಕೆಳಗಿರುವುದು ಒಂದು ಕುರ್ಚಿ, ಅದಕ್ಕೂ ಕಾಲು ಕುಂಟು. ಮನೆಯಲ್ಲಾದರೂ ಒಂದಿಷ್ಟು ಅಧಿಕಾರವಿದೆಯೇ ಎಂದು ನೀವು ಕೇಳಬಹುದು. (ದಯವಿಟ್ಟು ಕೇಳಬೇಡಿ.) ಇಂಥ ಬಡಪಾಯಿಗೆ ಯಾವುದಾದರೊಂದು ಕಚೇರಿಯ ಮುಖ್ಯಸ್ಥನಾಗುವ ಆಸೆ ಬಂದರೆ ತಪ್ಪೇನು, ನೀವೇ ಹೇಳಿ.

ನನಗೂ ನನ್ನ ಹೆಂಡತಿಗೂ ಸೇರಿ ಇದ್ದದ್ದು ಒಂದೇ ಇಮೇಲ್ ವಿಳಾಸ. ಅವಳಿಗೆ ಬಂದದ್ದನ್ನು ನಾನು ಅಳಿಸುವುದು, ನನಗೆ ಬಂದದ್ದನ್ನು ಅವಳು ಅಳಿಸುವುದು, ಆಮೇಲೆ ಇಬ್ಬರೂ ಕೂಡಿ ಮನೆಯ ನೆಮ್ಮದಿಯನ್ನು ಅಳಿಸುವುದು, ಹೀಗೆ ನಡೆದಿತ್ತು. ಒಂದು ಭಾನುವಾರ ನಾನು ಗಂಟಲು ಸರಿಮಾಡಿಕೊಂಡು ಘೋಷಿಸಿದೆ.

“ಇನ್ಮೇಲೆ ನಮ್ಮದೇ ಸ್ವಂತ ಅಂಚೆ ಕಣೇ. ಒಂದು ಸರ್ವರ್ ತಗೊಂಡಿದ್ದೀನಿ.”

“ಇಬ್ಬರ ಊಟಕ್ಕೆ ಸರ್ವರ್ ಯಾಕ್ರೀ? ಇಷ್ಟು ವರ್ಷ ಬಡಿಸಿದ್ದು ನಾನಲ್ವಾ?”

“ಅಯ್ಯೋ, ಹೋಟೆಲ್ ಸರ್ವರ್ ಅಲ್ಲ ಮಾರಾಯ್ತಿ! ವರ್ಚುವಲ್ ಸರ್ವರ್. ಎಲ್ಲೋ ದೂರದಲ್ಲಿರೋ ದೊಡ್ಡ ಕಂಪ್ಯೂಟರಿನಲ್ಲಿ ನಮಗೆ ಅಂತ ಒಂದು ಮೂಲೆ. ಕಣ್ಣಿಗೆ ಕಾಣಲ್ಲ.”

“ಹೋಟೆಲಿನವರೂ ಅಷ್ಟೇ. ಕರೆದಾಗ ಕಣ್ಣಿಗೆ ಕಾಣಲ್ಲ,” ಎಂದು ಅವಳು ಬಟ್ಟೆ ಮಡಚುವುದನ್ನು ಮುಂದುವರಿಸಿದಳು.

ಎರಡು ಭಾನುವಾರ ಕತ್ತು ಬಗ್ಗಿಸಿ ಕೂತು ಆ ಕಾಣದ ಮೂಲೆಯಲ್ಲಿ ಅಂಚೆ ಕಚೇರಿ ಕಟ್ಟಿದೆ. ಸೊಂಟ ಹಿಡಿದುಕೊಂಡಿತು, ಕಣ್ಣು ಉರಿಯಿತು, ಚಹಾ ಮೂರು ಸಲ ಆರಿತು. ಆ ಯಂತ್ರವೋ, ಹೊಸದಾಗಿ ಬಂದ ತನಿಖಾಧಿಕಾರಿಯಂತೆ ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಿತ್ತು. ‘ಪೋಸ್ಟ್‌ಮಾಸ್ಟರ್ ಯಾರು?’ ಎಂದಾಗ ಮಾತ್ರ ನನ್ನ ಎದೆ ಉಬ್ಬಿತು. ನನ್ನ ಹೆಸರನ್ನೇ ಒತ್ತಿದೆ.

ಮುಂದಿನ ಪ್ರಶ್ನೆ: ‘ಸ್ಥಳೀಯ ವಿತರಣೆಗೆ ಸೇರಿದ ವಿಳಾಸಗಳು ಯಾವುವು?’ ಇದೇನು ಮಹಾ ಎಂದುಕೊಂಡೆ. ಹೆಂಡತಿ ಕೆಲಸಕ್ಕೆ ಅರ್ಜಿ ಹಾಕಿದ್ದ ಗ್ರಂಥಾಲಯ ನಮ್ಮ ಮನೆಯಿಂದ ಮೂರು ಬೀದಿ ಆಚೆ, ಸ್ಥಳೀಯ. ನನ್ನ ಭಾವಮೈದುನನ ಮುದ್ರಣಾಲಯ ಬಸ್ ನಿಲ್ದಾಣದ ಹಿಂದೆ, ಅದೂ ಸ್ಥಳೀಯ. ಎರಡರ ವಿಳಾಸವನ್ನೂ ಧಾರಾಳವಾಗಿ ಬರೆದು ಎದ್ದೆ. ಅಂದು ರಾತ್ರಿ ನಾನು ಎಡ ಮಗ್ಗುಲಿಗೆ ಮಲಗಿದೆನೋ ಬಲ ಮಗ್ಗುಲಿಗೋ ತಿಳಿಯದಷ್ಟು ದಣಿದಿದ್ದೆ.

ಅದೇ ವಾರ ನನ್ನ ಹೆಂಡತಿಗೆ ಆ ಗ್ರಂಥಾಲಯದಿಂದ ನೇಮಕದ ಆದೇಶ ಬಂತು. ಕೈಬರಹದ ಕಾಲದಿಂದ ಅರ್ಜಿ ಹಾಕುತ್ತ ಬಂದವಳು ಅವಳು. ಈಗ ನಲವತ್ತಾರನೆಯ ವಯಸ್ಸಿಗೆ ಒಂದು ಕೆಲಸ! ಒಪ್ಪಿಗೆಯನ್ನು ಇಮೇಲಿನಲ್ಲಿ ಮಾತ್ರ ಕಳಿಸಬೇಕು, ಮುಂದಿನ ತಿಂಗಳ ಮೊದಲ ಶುಕ್ರವಾರ ಸಂಜೆ ಐದರೊಳಗೆ ಬಾರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದಿತ್ತು.

“ಈ ಕೆಲಸ ನಂಗೆ ಬೇಕು ರೀ,” ಎಂದಳು. ಅವಳು ಹಾಗೆ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ.

ಒಪ್ಪಿಗೆ ಪತ್ರ ಕಳಿಸಿದಳು. ಕಣ್ಣು ಮಿಟುಕಿಸುವುದರೊಳಗೆ ಯಂತ್ರ ‘ವಿತರಿಸಲಾಗಿದೆ’ ಎಂದಿತು. “ನೋಡಿದ್ಯಾ ವೇಗ!” ಎಂದೆ. ಎರಡು ದಿನ ಕಳೆದರೂ ಉತ್ತರವಿಲ್ಲ. ಅವಳು ಇನ್ನೊಂದು ಬರೆದಳು. ಮತ್ತೊಂದು ಬರೆದಳು.

“ನಾನೇ ಒಂದು ಹೆಜ್ಜೆ ಹೋಗಿ ಕೇಳ್ಕೊಂಡು ಬರ್ತೀನಿ ರೀ.”

“ಛೇ, ಛೇ! ತಲುಪಿದೆ ಅಂತ ದಾಖಲೆ ಇದೆ. ಬಾಗಿಲಿಗೆ ಹೋಗಿ ನಿಂತರೆ ಗೋಗರೆದ ಹಾಗೆ ಕಾಣುತ್ತೆ. ಪೋಸ್ಟ್‌ಮಾಸ್ಟರ್ ಹೇಳ್ತಿದ್ದೀನಿ, ಕೇಳು.”

ಕೇಳಿದಳು. ಅದೇ ಅವಳು ಮಾಡಿದ ತಪ್ಪು.

ಆ ಶುಕ್ರವಾರ ಬಂತು. ನಾನು ಅರ್ಧ ದಿನ ರಜೆ ಹಾಕಿ ಮನೆಯಲ್ಲಿದ್ದೆ. ಅವಳು ಬೆಳಗಿನಿಂದ ಮಾತಾಡಿರಲಿಲ್ಲ; ಪಾತ್ರೆಗಳೇ ಅವಳ ಪರವಾಗಿ ಮಾತಾಡುತ್ತಿದ್ದವು. ಮೂರೂವರೆಗೆ ಅವಳ ತಮ್ಮ, ಅದೇ ಮುದ್ರಣಾಲಯದ ಭೂಪ, ನನಗೆ ಫೋನ್ ಮಾಡಿದ.

“ಭಾವ, ಅಕ್ಕಂಗೆ ನನ್ಮೇಲೆ ಕೋಪಾನಾ? ಒಂದು ತಿಂಗಳಾಯ್ತು, ಒಂದು ಸಾಲೂ ಬರೆದಿಲ್ಲ.”

“ಬರೆದಿಲ್ವಾ? ವಾರಕ್ಕೆರಡು ಬರೀತಾಳಲ್ಲಪ್ಪ!”

“ಒಂದೂ ಬಂದಿಲ್ಲ ಭಾವ.”

ಪೋಸ್ಟ್‌ಮಾಸ್ಟರನ ಪೆಟ್ಟಿಗೆಯನ್ನು ಮೊದಲ ಬಾರಿಗೆ ತೆರೆದೆ. (ಮುಖ್ಯಸ್ಥನಾದವನು ತಾನೇ ಚೀಲ ಬಿಚ್ಚುತ್ತಾನೆಯೇ ಎಂದು ಅಷ್ಟು ದಿನ ತೆರೆದಿರಲಿಲ್ಲ.) ಅವಳು ಬರೆದ ಕಾಗದಗಳೆಲ್ಲ ಅಲ್ಲೇ ಬಿದ್ದಿದ್ದವು! ‘ಸ್ಥಳೀಯ’ ಎಂದರೆ ಆ ಯಂತ್ರದ ಭಾಷೆಯಲ್ಲಿ ನಮ್ಮ ಬೀದಿಯಲ್ಲ, ನಮ್ಮ ಊರಲ್ಲ, ಅದರ ಸ್ವಂತ ಹೊಟ್ಟೆ. ಗ್ರಂಥಾಲಯ ತನ್ನೊಳಗೇ ಇದೆ ಎಂದು ನಾನೇ ಬರೆದುಕೊಟ್ಟಿದ್ದೆ. ಅದು ಒಳಗೆಲ್ಲ ಹುಡುಕಿ, ಗ್ರಂಥಾಲಯ ಸಿಗದೆ, ಎಲ್ಲವನ್ನೂ ತಂದು ಪೋಸ್ಟ್‌ಮಾಸ್ಟರನ ಮುಂದೆ ಸುರಿದಿತ್ತು.

ತಮ್ಮನಿಗೆ ಬರೆದದ್ದು ಎಂಟು. (ಅವನ್ನು ನಾನು ಓದಲಿಲ್ಲ. ನನ್ನ ಸುದ್ದಿ ಇದ್ದ ಕಡೆ ಮಾತ್ರ ಕಣ್ಣಾಡಿಸಿದೆ. ಅಂದರೆ ಪೂರ್ತಿ ಓದಿದೆ.) ಗ್ರಂಥಾಲಯಕ್ಕೆ ಬರೆದದ್ದು ಒಂಬತ್ತು. ಮೊದಲನೆಯದರಲ್ಲಿ ‘ಮಾನ್ಯರೆ, ಸಂತೋಷದಿಂದ ಒಪ್ಪಿದ್ದೇನೆ’. ಐದನೆಯದರಲ್ಲಿ ‘ಮಾನ್ಯರೆ’ ಮಾತ್ರ ಉಳಿದಿತ್ತು, ಸಂತೋಷವಿರಲಿಲ್ಲ. ಎಂಟನೆಯದರಲ್ಲಿ ‘ಓದುಗರಿಗೆ ಸುಮ್ಮನಿರಿ ಸುಮ್ಮನಿರಿ ಎಂದು ಹೇಳಿ ಹೇಳಿ ನಿಮಗೂ ಅದೇ ಚಟ ಹತ್ತಿದೆಯೇ?’ ಒಂಬತ್ತನೆಯದನ್ನು ಇಲ್ಲಿ ಬರೆಯಲಾರೆ.

ಗಂಟೆ ನಾಲ್ಕು ನಲವತ್ತು. ಆ ಎರಡು ವಿಳಾಸಗಳನ್ನು ಪಟ್ಟಿಯಿಂದ ಕಿತ್ತು ಹಾಕಿದೆ. ಮೊದಲ ಕಾಗದವೊಂದನ್ನೇ ಆರಿಸಿ ‘ಹೊರಗೆ ಕಳಿಸು’ ಒತ್ತಬೇಕಿತ್ತು. ಗಾಬರಿಯಲ್ಲಿ ಒತ್ತಿದ್ದು ‘ಎಲ್ಲವನ್ನೂ ಹೊರಗೆ ಕಳಿಸು’. ಆ ದರಿದ್ರ ಯಂತ್ರ ಒಂಬತ್ತನೆಯದರಿಂದ ಶುರುಮಾಡಿತು.

ಹಿಂದೆ ತಿರುಗಿದರೆ ಹೆಂಡತಿ ನಿಂತಿದ್ದಳು. ಪರದೆಯ ಮೇಲಿದ್ದುದನ್ನು ಪೂರ್ತಿ ಓದಿದಳು. ಬೈಯಲಿಲ್ಲ. ಕುರ್ಚಿ ಎಳೆದು ಕೂತು, “ಹೋಯ್ತು ಬಿಡಿ,” ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಐದಕ್ಕೆ ಎರಡು ನಿಮಿಷವಿರುವಾಗ ಅವಳ ಫೋನ್ ರಿಂಗಣಿಸಿತು. ಗ್ರಂಥಾಲಯದ ಮುಖ್ಯಾಧಿಕಾರಿಣಿ. ಇವಳು ಹೊರಗಿನ ಜಗಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಿವಿ ಬಾಗಿಲಿಗೆ ಒತ್ತಿ ನಿಂತ ನನಗೆ ಕೇಳಿಸಿದ್ದು ಬರೀ ‘ಹ್ಞೂಂ ಮೇಡಂ’, ‘ಇಲ್ಲ ಮೇಡಂ’, ಕೊನೆಗೊಂದು ನಗು. ಒಳಗೆ ಬಂದವಳ ಮುಖ ಅರಳಿತ್ತು.

“ಕೆಲಸ ಸಿಕ್ತು ರೀ! ಪುಸ್ತಕ ವಾಪಸ್ ಕೊಡದೋರಿಗೆ ನೆನಪೋಲೆ ಬರೆಯೋ ವಿಭಾಗ. ಒಂಬತ್ತೂ ಓದಿ, ನಮಗೆ ಬೇಕಾಗಿದ್ದು ಇಂಥ ಕೈಯೇ ಅಂದ್ರು. ಸೋಮವಾರದಿಂದ ಬನ್ನಿ ಅಂದ್ರು.”

ಉಸಿರು ಬಿಟ್ಟೆ. ಬಿಟ್ಟ ಉಸಿರಿನ ಹಿಂದೆಯೇ ಎದೆ ಮತ್ತೆ ಉಬ್ಬಿತು. “ಮತ್ತೆ? ಎಲ್ಲ ಒಟ್ಟಿಗೆ ಕಳಿಸಿದ್ದು ಯಾರು? ನಾನು ಒತ್ತದೇ ಇದ್ದಿದ್ರೆ...”

“ಅದನ್ನೂ ಕೇಳಿದ್ರು. ಇದೇನು, ಒಂದೇ ನಿಮಿಷದಲ್ಲಿ ಒಂಬತ್ತು ಬಂತಲ್ಲ ಅಂತ.”

“ಏನಂದೆ?”

“ಮನೇಲೊಂದು ಮಗು ಇದೆ ಮೇಡಂ, ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತುತ್ತೆ ಅಂದೆ.”

“ಮಗು!”

“ಎಷ್ಟು ವಯಸ್ಸು ಅಂತ ಕೇಳಿದ್ರು. ಐವತ್ತೊಂದು ಅನ್ನೋಕಾಗುತ್ತೇನ್ರೀ? ನಾಲ್ಕು ಅಂದುಬಿಟ್ಟೆ.”

ಅವಳು ನನ್ನ ಮುಂದಿದ್ದ ಕೀಲಿಮಣೆಯನ್ನು ಮೆಲ್ಲಗೆ ಎತ್ತಿ ಕಪಾಟಿನ ಮೇಲಿನ ಹಲಗೆಗೆ, ಮಕ್ಕಳ ಕೈಗೆ ಎಟುಕದಷ್ಟು ಎತ್ತರಕ್ಕೆ, ಇಟ್ಟಳು.

“ಪಾಪ, ತುಂಬಾ ಒಳ್ಳೆಯವರು ರೀ. ಒಬ್ಬನೇ ಮನೇಲಿ ಬಿಟ್ಟು ಬರಬೇಡಿ, ನಮ್ಮಲ್ಲಿ ಮಕ್ಕಳ ವಿಭಾಗ ಇದೆ, ಕರ್ಕೊಂಡು ಬಂದು ಅಲ್ಲಿ ಕೂರಿಸಿ ಅಂದಿದ್ದಾರೆ. ಸೋಮವಾರ ರಜೆ ಹಾಕ್ತೀರಾ?”